ವ್ಯವಹಾರದ ಆಟಗಳು: ನಿರ್ವಹಣಾ ಶಿಕ್ಷಣದಲ್ಲಿ, ಸಂಶೋಧನೆಯಲ್ಲಿ ಅವುಗಳ ಪಾತ್ರ

ವ್ಯಾಪಾರವನ್ನು ಕಲಿಯುವ ಕ್ರಮ ಬಹುಕಾಲ ಒಂದೇ ಆಗಿತ್ತು. ಮನೆಯ ಕಿರಿಯರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಹಿರಿಯರು ಮಾಡುವುದನ್ನು ನೋಡುತ್ತ, ಖರೀದಿ, ಮಾರಾಟ, ಸಾಲ, ವಸೂಲಿ ಇವುಗಳ ಮರ್ಮವನ್ನು ಕ್ರಮೇಣ ಅರಿಯುತ್ತಿದ್ದರು. ಈ ಕಲಿಕೆಗೆ ಶುಲ್ಕವಿರಲಿಲ್ಲವೆಂದು ತೋರಿದರೂ, ಮೊದಲ ಕೆಲವು ವರ್ಷಗಳ ತಪ್ಪು ಖರೀದಿಗಳಿಂದ ಆಗುತ್ತಿದ್ದ ನಷ್ಟವೇ ಅದರ ನಿಜವಾದ ಶುಲ್ಕವಾಗಿತ್ತು. ವಾಣಿಜ್ಯ ಪದವಿ, ಎಂ.ಬಿ.ಎ. ಮೊದಲಾದ ಶಿಕ್ಷಣಗಳು ಬಂದ ಮೇಲೆ ತತ್ತ್ವಗಳು ತರಗತಿಯಲ್ಲಿಯೇ ದೊರೆಯತೊಡಗಿದವು. ಆದರೆ ಒಂದು ನಿರ್ಧಾರವನ್ನು ಕೈಗೊಂಡು, ಅದರ ಫಲವನ್ನು ಸ್ವತಃ ಉಣ್ಣುವ ಅನುಭವವು ಪಠ್ಯಪುಸ್ತಕದಿಂದ ಬರತಕ್ಕದ್ದಲ್ಲ. ಈ ಕೊರತೆಯನ್ನು ತುಂಬುವ ಸಲುವಾಗಿ ರೂಪುಗೊಂಡ ಸಾಧನವೇ ವ್ಯವಹಾರದ ಸಿಮ್ಯುಲೇಷನ್ ಆಟ, ಅಂದರೆ ಮಾರುಕಟ್ಟೆಯ ಅಥವಾ ಸಂಸ್ಥೆಯ ನಡೆಯನ್ನು ಕೆಲವು ನಿಯಮಗಳ ಮೂಲಕ ಅನುಕರಿಸುವ ಆಟ.

ಇಂತಹ ಆಟದಲ್ಲಿ ಭಾಗವಹಿಸುವವರು ಒಂದು ಕಲ್ಪಿತ ಸಂಸ್ಥೆಯ ಅಧಿಕಾರಿಗಳಾಗಿ ಬೆಲೆ, ಉತ್ಪಾದನೆ, ದಾಸ್ತಾನು, ಜಾಹೀರಾತು, ಬಂಡವಾಳ ಮುಂತಾದ ವಿಷಯಗಳಲ್ಲಿ ನಿರ್ಧಾರ ಕೈಗೊಳ್ಳುತ್ತಾರೆ. ನಿಯಮಗಳಿಗೆ ಅನುಸಾರವಾಗಿ ಫಲಿತಾಂಶ ಬರುತ್ತದೆ. ಅದನ್ನು ಆಧರಿಸಿ ಮುಂದಿನ ಸುತ್ತಿನ ನಿರ್ಧಾರಗಳನ್ನು ಕೈಗೊಳ್ಳಲಾಗುತ್ತದೆ. ಒಂದೆರಡು ಗಂಟೆಗಳಲ್ಲಿ ಹಲವು ತಿಂಗಳುಗಳ ಅಥವಾ ವರ್ಷಗಳ ವ್ಯವಹಾರ ನಡೆದುಹೋಗುತ್ತದೆ. ನಷ್ಟವಾದರೆ ಕಾಗದದ ಮೇಲೆ ಮಾತ್ರ ಆಗುತ್ತದೆ. ಆದರೆ ಆ ನಷ್ಟ ಹೇಗೆ ಉಂಟಾಯಿತೆಂಬ ತಿಳಿವಳಿಕೆ ಆಟಗಾರನ ಜೊತೆಯಲ್ಲಿಯೇ ಉಳಿಯುತ್ತದೆ.

ಆಟಗಳ ಹಿನ್ನೆಲೆ

ಯುದ್ಧತಂತ್ರವನ್ನು ಮೇಜಿನ ಮೇಲೆ ಅಭ್ಯಾಸ ಮಾಡಿಸುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಷ್ಯಾದ ಸೈನ್ಯದಲ್ಲಿ ಬೆಳೆಯಿತು. ಕೈಗಾರಿಕೆಗೆ ಇದೇ ವಿಧಾನವನ್ನು ಅನ್ವಯಿಸಿದ ಮೊದಲ ಪ್ರಯತ್ನಗಳಲ್ಲಿ ಒಂದು 1932ರಲ್ಲಿ ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡ್‌ನಲ್ಲಿ ನಡೆಯಿತು. ಮೇರಿ ಬಿರ್ಶ್ಟೈನ್ ಎಂಬ ಮಹಿಳೆಯು ಟೈಪ್‌ರೈಟರ್ ಕಾರ್ಖಾನೆಯೊಂದರ ಕಾರ್ಯವನ್ನು ಆಟದ ರೂಪಕ್ಕೆ ತಂದು, ಅಲ್ಲಿನ ವ್ಯವಸ್ಥಾಪಕರಿಗೆ ತರಬೇತಿ ನೀಡಿದರು.

ಅಮೆರಿಕದಲ್ಲಿ ಈ ಕ್ಷೇತ್ರವು 1950ರ ದಶಕದಲ್ಲಿ ಶೀಘ್ರವಾಗಿ ಬೆಳೆಯಿತು. 1955ರಲ್ಲಿ ರ‍್ಯಾಂಡ್ ಸಂಸ್ಥೆಯು ವಾಯುಪಡೆಯ ಬಿಡಿಭಾಗಗಳ ದಾಸ್ತಾನು ನಿರ್ವಹಣೆಗಾಗಿ 'ಮೊನೊಪೊಲಾಗ್ಸ್' ಎಂಬ ಆಟವನ್ನು ಸಿದ್ಧಪಡಿಸಿತು. 1956ರಲ್ಲಿ ಅಮೆರಿಕನ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಸಂಸ್ಥೆಗಳ ಉನ್ನತ ಅಧಿಕಾರಿಗಳಿಗಾಗಿ ಒಂದು ಆಟವನ್ನು ರೂಪಿಸಿತು. 1957ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತರಗತಿಗೆ ಇಂತಹ ಆಟ ಪ್ರವೇಶಿಸಿತು. ಅನಂತರ ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿ ಸಾಕಷ್ಟು ಜಟಿಲವಾದ ನಿರ್ವಹಣಾ ಆಟವೊಂದು ರೂಪುಗೊಂಡಿತು. ಶಿಕ್ಷಣ ಮತ್ತು ಸಂಶೋಧನೆ ಎರಡರಲ್ಲೂ ಈ ಆಟಗಳಿಗೆ ಸ್ಥಾನವಿದೆಯೆಂಬುದನ್ನು ಕಾಲ್ಮನ್ ಕೊಹೆನ್ ಮತ್ತು ಎರಿಕ್ ರೆನ್‌ಮನ್ ಅವರು 1961ರಲ್ಲಿಯೇ 'ಮ್ಯಾನೇಜ್‌ಮೆಂಟ್ ಸೈನ್ಸ್' ಪತ್ರಿಕೆಯ ಲೇಖನವೊಂದರಲ್ಲಿ ಚರ್ಚಿಸಿದರು.

ಈ ಆಟಗಳ ಪೈಕಿ ಶಿಕ್ಷಣದ ಉದ್ದೇಶವನ್ನೂ ಸಂಶೋಧನೆಯ ಉದ್ದೇಶವನ್ನೂ ಸಮಾನವಾಗಿ ಪೂರೈಸಿರುವ, ಅತ್ಯಂತ ಸರಳವಾದ ಆಟವೊಂದಿದೆ. ಅದು 'ಬಿಯರ್ ಆಟ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಸರಕು ದಾಸ್ತಾನು ಇಡುವ ಪ್ರತಿಯೊಬ್ಬ ವರ್ತಕನಿಗೂ ಸಂಬಂಧಿಸಿದ ಪಾಠವು ಅದರಲ್ಲಿ ಇರುವುದರಿಂದ, ಅದನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಸೂಕ್ತ.

ಬಿಯರ್ ಆಟದ ಮೂಲ

ಈ ಆಟದ ಹಿಂದಿರುವ ಚಿಂತನೆಯು ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಜೇ ಫಾರೆಸ್ಟರ್ ಅವರದು. ಕಂಪ್ಯೂಟರ್ ತಂತ್ರಜ್ಞಾನದಲ್ಲಿ ಹೆಸರು ಮಾಡಿದ್ದ ಅವರು 1956ರಲ್ಲಿ ಆ ಸಂಸ್ಥೆಯ ಸ್ಲೋನ್ ನಿರ್ವಹಣಾ ಶಾಲೆಯನ್ನು ಸೇರಿದರು. ಆ ಕಾಲದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಅಧಿಕಾರಿಗಳು ಒಂದು ಸಮಸ್ಯೆಯನ್ನು ಅವರ ಮುಂದಿಟ್ಟರು. ಕೆಂಟಕಿ ರಾಜ್ಯದಲ್ಲಿದ್ದ ಅವರ ಗೃಹೋಪಯೋಗಿ ಸಾಧನಗಳ ಕಾರ್ಖಾನೆಗಳು ಒಂದು ಕಾಲದಲ್ಲಿ ಮೂರು ನಾಲ್ಕು ಪಾಳಿಗಳಲ್ಲಿ ದುಡಿಯುತ್ತಿದ್ದವು. ಕೆಲವೇ ವರ್ಷಗಳ ಬಳಿಕ ಅರ್ಧದಷ್ಟು ಕಾರ್ಮಿಕರನ್ನು ಮನೆಗೆ ಕಳುಹಿಸಬೇಕಾಗುತ್ತಿತ್ತು. ಮಾರುಕಟ್ಟೆಯ ಏರಿಳಿತವೇ ಇದಕ್ಕೆ ಕಾರಣವೆಂದು ಹೇಳಲಾಗುತ್ತಿತ್ತಾದರೂ ಆ ವಿವರಣೆಯಿಂದ ಅವರಿಗೆ ಸಮಾಧಾನವಿರಲಿಲ್ಲ.

ಫಾರೆಸ್ಟರ್ ಅವರು ಕಾರ್ಮಿಕರ ನೇಮಕ ಹಾಗೂ ದಾಸ್ತಾನಿನ ಕುರಿತು ಸಂಸ್ಥೆಯಲ್ಲಿ ಹೇಗೆ ನಿರ್ಧಾರ ಕೈಗೊಳ್ಳುತ್ತಾರೆಂಬುದನ್ನು ಕೇಳಿ ತಿಳಿದುಕೊಂಡು, ಪೆನ್ಸಿಲ್ ಹಿಡಿದು ಕಾಗದದ ಮೇಲೆ ವಾರದಿಂದ ವಾರಕ್ಕೆ ಲೆಕ್ಕ ಹಾಕುತ್ತ ಹೋದರು. ಹೊರಗಿನಿಂದ ಬರುವ ಬೇಡಿಕೆ ಒಂದೇ ಸಮನಾಗಿದ್ದರೂ, ಒಳಗಿನ ನಿರ್ಧಾರಗಳ ಕ್ರಮದಿಂದಲೇ ಉತ್ಪಾದನೆಯಲ್ಲಿ ಏರಿಳಿತ ಉಂಟಾಗಬಲ್ಲದೆಂಬುದು ಅದರಿಂದ ಗೋಚರಿಸಿತು. ನೂರಾರು ಕುಟುಂಬಗಳ ಜೀವನೋಪಾಯಕ್ಕೆ ಸಂಬಂಧಿಸಿದ ಏರಿಳಿತದ ಮೂಲವು ಗಿರಾಕಿಗಳಲ್ಲಿರದೆ ಸಂಸ್ಥೆಯೊಳಗೇ ಇರಬಹುದಾಗಿತ್ತು. ಈ ವಿಚಾರವನ್ನು ಅವರು 1958ರಲ್ಲಿ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿಯೂ, 1961ರ 'ಇಂಡಸ್ಟ್ರಿಯಲ್ ಡೈನಮಿಕ್ಸ್' ಎಂಬ ಗ್ರಂಥದಲ್ಲಿಯೂ ಮಂಡಿಸಿದರು. ಇದೇ ತತ್ತ್ವವನ್ನು ವಿದ್ಯಾರ್ಥಿಗಳಿಗೆ ಮನವರಿಕೆ ಮಾಡಿಸಲು ಅವರ ವಿಭಾಗದಲ್ಲಿ ಬಿಯರ್ ಆಟವು ಬಳಕೆಗೆ ಬಂದಿತು.

ಆಟದ ನಿಯಮಗಳು

ಆಟಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಉದ್ದನೆಯ ಮೇಜಿನ ಮೇಲೆ ಹರಡಿದ ಒಂದು ನಕ್ಷೆ, ಬಿಲ್ಲೆಗಳು ಹಾಗೂ ಚೀಟಿಗಳು ಸಾಕು. ಒಂದು ತಂಡದಲ್ಲಿ ನಾಲ್ಕು ಸ್ಥಾನಗಳಿರುತ್ತವೆ: ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ ಮತ್ತು ಕಾರ್ಖಾನೆ. ಮುಖ್ಯ ನಿಯಮಗಳು ಹೀಗಿವೆ.

1. ಪ್ರತಿಯೊಂದು ಸ್ಥಾನದಲ್ಲಿಯೂ ಆರಂಭದಲ್ಲಿ 12 ಪೆಟ್ಟಿಗೆ ಸರಕು ದಾಸ್ತಾನು ಇರುತ್ತದೆ. ವಾರಕ್ಕೆ 4 ಪೆಟ್ಟಿಗೆಗಳಂತೆ ಸರಕು ದಾರಿಯಲ್ಲಿ ಸಾಗಿಬರುತ್ತಿರುತ್ತದೆ.

2. ಪ್ರತಿ ವಾರವೂ ಆಟಗಾರನು ಬಂದ ಸರಕನ್ನು ಸ್ವೀಕರಿಸಿ, ತನಗೆ ಬಂದ ಆರ್ಡರನ್ನು ಪೂರೈಸಿ, ತನ್ನ ಮೇಲಿನ ಸ್ಥಾನಕ್ಕೆ ಹೊಸ ಆರ್ಡರ್ ಕಳುಹಿಸಬೇಕು. ಎಷ್ಟು ಪೆಟ್ಟಿಗೆಗೆ ಆರ್ಡರ್ ಕೊಡಬೇಕು ಎಂಬುದೊಂದೇ ಅವನ ನಿರ್ಧಾರ.

3. ಆರ್ಡರ್ ಕೊಟ್ಟ ಸರಕು ಕೈಸೇರಲು ಕನಿಷ್ಠ ನಾಲ್ಕು ವಾರಗಳು ಬೇಕು. ಕಾರ್ಖಾನೆಗೆ ಮಾತ್ರ ಮೂರು ವಾರಗಳು.

4. ಉಳಿದ ದಾಸ್ತಾನಿಗೆ ಪೆಟ್ಟಿಗೆಯೊಂದಕ್ಕೆ ವಾರಕ್ಕೆ ಅರ್ಧ ಡಾಲರ್ ಖರ್ಚು ಬೀಳುತ್ತದೆ. ಪೂರೈಸಲಾಗದೆ ಬಾಕಿ ಉಳಿದ ಆರ್ಡರ್‌ಗೆ ಪೆಟ್ಟಿಗೆಯೊಂದಕ್ಕೆ ವಾರಕ್ಕೆ ಒಂದು ಡಾಲರ್ ದಂಡ ಬೀಳುತ್ತದೆ.

5. ಆಟಗಾರರು ಪರಸ್ಪರ ಮಾತನಾಡುವಂತಿಲ್ಲ. ಗಿರಾಕಿಯ ನಿಜವಾದ ಬೇಡಿಕೆ ಚಿಲ್ಲರೆ ವ್ಯಾಪಾರಿಗೆ ಮಾತ್ರ ತಿಳಿಯುತ್ತದೆ.

ಇಡೀ ತಂಡದ ಒಟ್ಟು ಖರ್ಚನ್ನು ಕನಿಷ್ಠ ಮಟ್ಟದಲ್ಲಿ ಇರಿಸುವುದೇ ಆಟದ ಗುರಿ. ಗಿರಾಕಿಯ ಬೇಡಿಕೆಯಾದರೂ ಎಷ್ಟು ಸರಳವೆಂಬುದನ್ನು ಗಮನಿಸಬೇಕು. ಮೊದಲ ನಾಲ್ಕು ವಾರ ವಾರಕ್ಕೆ 4 ಪೆಟ್ಟಿಗೆ. ಐದನೆಯ ವಾರದಲ್ಲಿ ಅದು 8 ಪೆಟ್ಟಿಗೆಗೆ ಏರಿ, ಕೊನೆಯವರೆಗೂ ಅಲ್ಲಿಯೇ ನಿಲ್ಲುತ್ತದೆ. ಆಟದುದ್ದಕ್ಕೂ ಹೊರಗಿನಿಂದ ಆಗುವ ಬದಲಾವಣೆ ಇದೊಂದೇ.

ಫಲಿತಾಂಶ ಹೇಳುವುದೇನು?

ಇದೇ ಸಂಸ್ಥೆಯ ಪ್ರಾಧ್ಯಾಪಕ ಜಾನ್ ಸ್ಟರ್ಮನ್ ಅವರು ಈ ಆಟವನ್ನು ಪ್ರಯೋಗವಾಗಿ ಬಳಸಿ, ಅದರ ಫಲಿತಾಂಶಗಳನ್ನು 1989ರಲ್ಲಿ 'ಮ್ಯಾನೇಜ್‌ಮೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ವಿಶ್ಲೇಷಿಸಿದ 11 ತಂಡಗಳಲ್ಲಿ 44 ಆಟಗಾರರಿದ್ದರು. 36 ವಾರಗಳ ಆಟದಲ್ಲಿ ತಂಡವೊಂದರ ಸರಾಸರಿ ಖರ್ಚು 2,028 ಡಾಲರ್ ಆಗಿತ್ತು. ಅದೇ ಮಾಹಿತಿಯನ್ನು ಇಟ್ಟುಕೊಂಡು ವಿವೇಕಯುತವಾದ ಒಂದು ನಿಯಮವನ್ನು ತಪ್ಪದೆ ಪಾಲಿಸಿದ್ದಲ್ಲಿ 204 ಡಾಲರ್‌ಗಳಲ್ಲಿ ಆಟ ಮುಗಿಯಬಹುದಾಗಿತ್ತು. ಎಂದರೆ ಆದ ಖರ್ಚು ಆಗಬೇಕಾಗಿದ್ದ ಖರ್ಚಿನ ಸುಮಾರು ಹತ್ತು ಪಟ್ಟು.

ಆರ್ಡರ್‌ಗಳ ಏರಿಕೆಯು ಇನ್ನೂ ಬೋಧಪ್ರದವಾಗಿದೆ. ಗಿರಾಕಿ ಕೇಳಿದ್ದು 8 ಪೆಟ್ಟಿಗೆಗಳನ್ನು ಮಾತ್ರ. ಆದರೆ ವಾರವೊಂದರ ಅತ್ಯಧಿಕ ಆರ್ಡರಿನ ಸರಾಸರಿಯು ಚಿಲ್ಲರೆ ವ್ಯಾಪಾರಿಯಲ್ಲಿ 15, ಸಗಟು ವ್ಯಾಪಾರಿಯಲ್ಲಿ 19, ವಿತರಕನಲ್ಲಿ 27 ಮತ್ತು ಕಾರ್ಖಾನೆಯಲ್ಲಿ 32 ಪೆಟ್ಟಿಗೆಗಳಿಗೆ ಮುಟ್ಟಿತು. ಮೊದಲು ಎಲ್ಲೆಡೆ ಸರಕಿನ ಅಭಾವ, ಬಾಕಿ ಆರ್ಡರ್‌ಗಳ ರಾಶಿ. ಕೆಲವು ವಾರಗಳ ಬಳಿಕ ಅದೇ ಗೋದಾಮುಗಳಲ್ಲಿ ಕೇಳುವವರಿಲ್ಲದ ಸರಕಿನ ರಾಶಿ. ಚಾವಟಿಯ ಹಿಡಿಯನ್ನು ಸ್ವಲ್ಪವೇ ಅಲ್ಲಾಡಿಸಿದರೂ ತುದಿಯು ದೂರಕ್ಕೆ ಬೀಸುವಂತೆ ಇಲ್ಲಿ ಬದಲಾವಣೆ ಹಿಗ್ಗುತ್ತ ಹೋಗುವುದರಿಂದ ಇದಕ್ಕೆ 'ಬುಲ್‌ವಿಪ್ ಪರಿಣಾಮ', ಅಂದರೆ ಚಾವಟಿಯ ಪರಿಣಾಮ, ಎಂಬ ಹೆಸರು ಬಂದಿದೆ.

ಆಟ ಮುಗಿದ ಮೇಲೆ, ಗಿರಾಕಿಯ ಬೇಡಿಕೆ ಹೇಗಿದ್ದಿರಬಹುದೆಂದು ಚಿತ್ರಿಸುವಂತೆ ಮೇಲಿನ ಸ್ಥಾನಗಳ ಆಟಗಾರರನ್ನು ಕೇಳಲಾಗುತ್ತದೆ. ಹೆಚ್ಚಿನವರು ಭಾರಿ ಏರಿಳಿತದ ಗೆರೆಯನ್ನು ಬರೆಯುತ್ತಾರೆ. ತಮ್ಮ ನಷ್ಟಕ್ಕೆ ಗಿರಾಕಿಯ ಚಂಚಲತೆಯೋ, ಪಕ್ಕದ ಆಟಗಾರನ ಅವಿವೇಕವೋ ಕಾರಣವೆಂಬುದು ಅವರ ನಂಬಿಕೆಯಾಗಿರುತ್ತದೆ. 4ರಿಂದ 8ಕ್ಕೆ ಒಮ್ಮೆ ಏರಿ ನಿಂತ ನೇರವಾದ ಗೆರೆಯನ್ನು ತೋರಿಸಿದಾಗ ಕೊಠಡಿಯಲ್ಲಿ ಉಂಟಾಗುವ ಅಚ್ಚರಿಯೇ ಈ ಆಟದ ಪ್ರಧಾನ ಪಾಠ.

ತಪ್ಪು ಎಲ್ಲಿ ನಡೆಯುತ್ತದೆ?

ಚಿಲ್ಲರೆ ವ್ಯಾಪಾರಿಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಮಾರಾಟವು ವಾರಕ್ಕೆ 4ರಿಂದ 8ಕ್ಕೆ ಏರಿದೆ. ಹೊಸ ಆರ್ಡರಿನ ಸರಕು ಬರಲು ನಾಲ್ಕು ವಾರಗಳು ಬೇಕು. ಆ ನಾಲ್ಕು ವಾರಗಳೂ ಹಳೆಯ ಲೆಕ್ಕದಂತೆ 4 ಪೆಟ್ಟಿಗೆಗಳೇ ಬರುತ್ತವೆ. ವಾರಕ್ಕೆ 4ರಂತೆ ನಾಲ್ಕು ವಾರಗಳಲ್ಲಿ 16 ಪೆಟ್ಟಿಗೆಗಳ ಕೊರತೆ ಬೀಳುತ್ತದೆ. ಆದುದರಿಂದ ಅವನು ವಾರವಾರವೂ 8 ಪೆಟ್ಟಿಗೆಗಳನ್ನು ತರಿಸುವುದರ ಜೊತೆಗೆ, ದಾಸ್ತಾನನ್ನು ಮೊದಲಿನ 12ರ ಮಟ್ಟಕ್ಕೆ ತರಲು ಒಂದೇ ಒಂದು ಸಲ 16 ಪೆಟ್ಟಿಗೆಗಳಿಗೆ ಹೆಚ್ಚುವರಿ ಆರ್ಡರ್ ಕೊಡುವುದು ನ್ಯಾಯವಾದ ಅಗತ್ಯ.

ಅವನು ಹಾಗೆ 8 ಮತ್ತು 16 ಸೇರಿಸಿ 24 ಪೆಟ್ಟಿಗೆಗಳಿಗೆ ಆರ್ಡರ್ ಕೊಟ್ಟನೆಂದು ಭಾವಿಸೋಣ. ಮುಂದಿನ ವಾರ ಕಪಾಟನ್ನು ನೋಡಿದರೆ ಕೊರತೆ ಹಾಗೆಯೇ ಇದೆ, ಏಕೆಂದರೆ ಸರಕು ಇನ್ನೂ ಬಂದಿಲ್ಲ. ಗಾಬರಿಯಿಂದ ಮತ್ತೆ 24 ಪೆಟ್ಟಿಗೆಗಳಿಗೆ ಆರ್ಡರ್ ಕೊಡುತ್ತಾನೆ. ನಾಲ್ಕು ವಾರಗಳ ಕಾಲ ಹೀಗೆ ಮಾಡಿದರೆ, 16 ಪೆಟ್ಟಿಗೆಗಳ ಒಂದು ಕೊರತೆಗಾಗಿ 64 ಪೆಟ್ಟಿಗೆಗಳನ್ನು ತರಿಸಿದಂತಾಗುತ್ತದೆ. ಸಗಟು ವ್ಯಾಪಾರಿಗೆ ಇದು ಕಾಣುವ ಬಗೆಯೇ ಬೇರೆ. ನಿನ್ನೆಯವರೆಗೆ 4 ಪೆಟ್ಟಿಗೆ ಕೇಳುತ್ತಿದ್ದವನು ಈಗ 24 ಕೇಳುತ್ತಿದ್ದಾನೆ. ವ್ಯಾಪಾರ ಆರು ಪಟ್ಟು ಬೆಳೆದಿದೆಯೆಂದು ತಿಳಿದು ಅವನು ತನ್ನ ಆರ್ಡರನ್ನು ಇನ್ನೂ ಹೆಚ್ಚಿಸುತ್ತಾನೆ. ಹೀಗೆ ಒಂದು ಸಣ್ಣ ಏರಿಕೆಯು ಮೇಲೇರುತ್ತ ಉಬ್ಬುತ್ತದೆ.

ಸ್ಟರ್ಮನ್ ಅವರ ವಿಶ್ಲೇಷಣೆಯ ಸಾರವೂ ಇದೇ ಆಗಿದೆ. ಆಟಗಾರರು ಕೈಯಲ್ಲಿರುವ ದಾಸ್ತಾನಿಗೆ ಕೊಡುವಷ್ಟು ಗಮನವನ್ನು, ಈಗಾಗಲೇ ಆರ್ಡರ್ ಕೊಟ್ಟು ಇನ್ನೂ ಬಾರದಿರುವ ಸರಕಿಗೆ ಕೊಡುವುದಿಲ್ಲ.

ಲೆಕ್ಕಪುಸ್ತಕದಲ್ಲಿ ಕಾಣದ ಸರಕು

ಈ ಮರೆವಿಗೆ ಲೆಕ್ಕಪತ್ರಗಳ ಸ್ವರೂಪವೂ ಒಂದು ಮಟ್ಟಿಗೆ ಕಾರಣವಾಗಿದೆಯೆಂಬುದು ವರ್ತಕರು ಗಮನಿಸತಕ್ಕ ಅಂಶ. ಸಾಮಾನ್ಯ ಖರೀದಿ ಆರ್ಡರು ಕೊಟ್ಟ ಮಾತ್ರಕ್ಕೆ ಖಾತೆಗೆ ಏರುವುದಿಲ್ಲ. ಸರಕಿನ ಒಡೆತನ ವರ್ಗಾವಣೆಯಾದಾಗ ಮಾತ್ರ ಖರೀದಿ ದಾಖಲಾಗುತ್ತದೆ. ಹೀಗಾಗಿ ಆಸ್ತಿ-ಹೊಣೆ ಪಟ್ಟಿಯು ಗೋದಾಮಿನಲ್ಲಿರುವ ಸರಕನ್ನು ತೋರಿಸುತ್ತದೆ. ಮುಂದಿನ ತಿಂಗಳು ಬಾಗಿಲಿಗೆ ಬಂದು ನಿಲ್ಲಲಿರುವ ಹತ್ತು ಲಾರಿಗಳ ಸರಕು ಅದರಲ್ಲಿ ಕಾಣುವುದಿಲ್ಲ. ಲೆಕ್ಕ ಸರಿಯಾಗಿದ್ದರೂ ವ್ಯಾಪಾರಿಯ ಚಿತ್ರಣ ಅಪೂರ್ಣವಾಗಿರುತ್ತದೆ.

ಹೆಚ್ಚುವರಿ ದಾಸ್ತಾನಿನ ನಷ್ಟವೂ ಒಂದೇ ಕಡೆ ಕಾಣಿಸಿಕೊಳ್ಳದೆ ಹಲವು ಖಾತೆಗಳಲ್ಲಿ ಹಂಚಿಹೋಗುತ್ತದೆ. ಉದಾಹರಣೆಗೆ, ವಿತರಕರೊಬ್ಬರು ಎರಡು ಸಲ ಆರ್ಡರ್ ಕೊಟ್ಟ ಕಾರಣದಿಂದ 10 ಲಕ್ಷ ರೂಪಾಯಿಗಳ ಸರಕು ಮೂರು ತಿಂಗಳು ಅನಗತ್ಯವಾಗಿ ಉಳಿಯಿತೆಂದು ಇಟ್ಟುಕೊಳ್ಳಬಹುದು. ಶೇ. 12ರ ಬಡ್ಡಿ ದರದಲ್ಲಿ ಅದರ ಬಡ್ಡಿಯೇ 30,000 ರೂಪಾಯಿ. ಅವರಿಗೆ ಉಳಿಯುವ ಲಾಭಾಂಶ ಶೇ. 4 ಆಗಿದ್ದರೆ, ಈ ಬಡ್ಡಿಯನ್ನು ತುಂಬಿಕೊಳ್ಳಲು ಏಳೂವರೆ ಲಕ್ಷ ರೂಪಾಯಿಗಳ ಹೆಚ್ಚಿನ ವ್ಯಾಪಾರ ಮಾಡಬೇಕಾಗುತ್ತದೆ. ಗೋದಾಮಿನ ಬಾಡಿಗೆ, ವಿಮೆ, ಒಡೆದು ಹಾಳಾಗುವ ಸರಕು ಇವೆಲ್ಲ ಇದಕ್ಕೆ ಹೊರತಾದವು.

ಸರಕು ಹಳತಾದರೆ ನಷ್ಟ ಇನ್ನೂ ಹೆಚ್ಚು. ಲೆಕ್ಕಪತ್ರ ಮಾನಕಗಳ ಪ್ರಕಾರ ವರ್ಷಾಂತ್ಯದ ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಿದರೆ ಕೈಸೇರಬಹುದಾದ ನಿವ್ವಳ ಬೆಲೆ, ಇವುಗಳಲ್ಲಿ ಕಡಿಮೆಯಾದುದಕ್ಕೆ ಮೌಲ್ಯಮಾಪನ ಮಾಡಬೇಕು. ಅವಧಿ ಮೀರಿ ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಸಂಬಂಧಿಸಿದ ಹೂಡುವಳಿ ತೆರಿಗೆ ಜಮೆಯು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮಿನ ಪ್ರಕಾರ ದೊರೆಯುವುದಿಲ್ಲ. ಆಟದ ಅರ್ಧ ಡಾಲರ್ ಖರ್ಚು ಎಂಬುದು ನಿಜಜೀವನದಲ್ಲಿ ಇಷ್ಟೆಲ್ಲ ರೂಪಗಳನ್ನು ತಾಳುತ್ತದೆ.

ಸಂಶೋಧನೆಯ ಸಾಧನವಾಗಿ ಆಟ

ನಿಜವಾದ ಮಾರುಕಟ್ಟೆಯಲ್ಲಿ ಬೆಲೆ, ಹವಾಮಾನ, ಸರ್ಕಾರದ ನೀತಿ, ಪ್ರತಿಸ್ಪರ್ಧಿಯ ನಡೆ ಇವೆಲ್ಲ ಏಕಕಾಲಕ್ಕೆ ಬದಲಾಗುತ್ತಿರುತ್ತವೆ. ನಷ್ಟಕ್ಕೆ ಇಂಥದೇ ಕಾರಣವೆಂದು ಬೇರ್ಪಡಿಸಿ ಹೇಳುವುದು ಕಷ್ಟ. ಆಟದಲ್ಲಿ ಸಂಶೋಧಕನು ಒಂದನ್ನು ಮಾತ್ರ ಬದಲಾಯಿಸಿ, ಉಳಿದೆಲ್ಲವನ್ನೂ ಇದ್ದಂತೆಯೇ ಇರಿಸಬಲ್ಲನು. ರಸಾಯನಶಾಸ್ತ್ರಕ್ಕೆ ಪ್ರಯೋಗಾಲಯ ಹೇಗೋ ನಿರ್ವಹಣಾ ಶಾಸ್ತ್ರಕ್ಕೆ ಇಂತಹ ಆಟ ಹಾಗೆ.

ಇದಕ್ಕೆ ಉತ್ತಮ ನಿದರ್ಶನವೆಂದರೆ ರೇಚಲ್ ಕ್ರೋಸನ್ ಮತ್ತು ಕ್ಯಾರನ್ ಡೊನೊಹ್ಯೂ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನ. ಬೇಡಿಕೆ ಹೇಗಿರುತ್ತದೆಂಬ ಅಜ್ಞಾನವೇ ಏರಿಳಿತಕ್ಕೆ ಕಾರಣವಿರಬಹುದೆ ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. ಬೇಡಿಕೆಯು ಯಾವ ಮಿತಿಯೊಳಗೆ ಇರುತ್ತದೆಂಬುದನ್ನು ಎಲ್ಲ ಆಟಗಾರರಿಗೂ ಮೊದಲೇ ತಿಳಿಸಿ ಆಡಿಸಿದಾಗಲೂ ಚಾವಟಿಯ ಪರಿಣಾಮ ಕಣ್ಮರೆಯಾಗಲಿಲ್ಲ. ಎಲ್ಲರ ದಾಸ್ತಾನಿನ ಮಾಹಿತಿಯನ್ನು ಎಲ್ಲರಿಗೂ ಕಾಣುವಂತೆ ಮಾಡಿದಾಗ ಏರಿಳಿತವು ಕಡಿಮೆಯಾಯಿತು. ಈ ಮಾಹಿತಿಯಿಂದ ಹೆಚ್ಚಿನ ಪ್ರಯೋಜನವಾದುದು ಗಿರಾಕಿಯಿಂದ ದೂರದಲ್ಲಿರುವ ಮೇಲಿನ ಸ್ಥಾನಗಳಿಗೆ.

ಸಂಶೋಧಕರು ಆಟದ ನಿಯಮಗಳಲ್ಲಿ ಅನುಸರಿಸುವ ಎಚ್ಚರಿಕೆಯೂ ಗಮನಾರ್ಹ. ಬಿಯರ್ ಆಟವು 50 ವಾರಗಳವರೆಗೆ ನಡೆಯುವುದೆಂದು ತಿಳಿಸಿ, 36ನೆಯ ವಾರಕ್ಕೇ ನಿಲ್ಲಿಸಲಾಗುತ್ತದೆ. ಕೊನೆಯ ವಾರ ಮೊದಲೇ ತಿಳಿದಿದ್ದರೆ, ಆಟಗಾರರು ನಾಳೆಯ ಚಿಂತೆಯಿಲ್ಲದೆ ದಾಸ್ತಾನನ್ನು ಬರಿದುಮಾಡಿ ಖರ್ಚು ಉಳಿಸಲು ನೋಡುತ್ತಾರೆ. ಅಂತಹ ನಡೆಯಿಂದ ಪ್ರಯೋಗದ ಫಲಿತಾಂಶ ಕೆಡುತ್ತದೆ.

ಮಾರುಕಟ್ಟೆಯಲ್ಲಿ ಅದೇ ಆಟ

ಆಟದಲ್ಲಿ ಕಂಡುದು ಮಾರುಕಟ್ಟೆಯಲ್ಲಿಯೂ ಕಂಡುಬಂದಿದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯು ತಾನು ಮಾರುವ ಮಕ್ಕಳ ಡೈಪರ್‌ಗಳ ವಿಷಯದಲ್ಲಿ ಇದನ್ನೇ ಗಮನಿಸಿತು. ಶಿಶುಗಳ ಬಳಕೆಯು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಅಂಗಡಿಗಳ ಮಾರಾಟದಲ್ಲಿಯೂ ಹೆಚ್ಚಿನ ಏರಿಳಿತವಿರಲಿಲ್ಲ. ಆದರೂ ವಿತರಕರ ಆರ್ಡರ್‌ಗಳಲ್ಲಿ ಭಾರಿ ಏರಿಳಿತವಿತ್ತು. ಕಚ್ಚಾವಸ್ತುಗಳ ಪೂರೈಕೆದಾರರಿಗೆ ಹೋಗುವ ಆರ್ಡರ್‌ಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು. 1997ರಲ್ಲಿ ಹಾವ್ ಲೀ, ಪದ್ಮನಾಭನ್ ಹಾಗೂ ಸುಂಗ್‌ಜಿನ್ ವಾಂಗ್ ಅವರು ಇಂತಹ ಪ್ರಸಂಗಗಳನ್ನು ಪರಿಶೀಲಿಸಿ ನಾಲ್ಕು ಕಾರಣಗಳನ್ನು ಗುರುತಿಸಿದರು: ಕೆಳಗಿನವರ ಆರ್ಡರನ್ನೇ ಬೇಡಿಕೆಯೆಂದು ಭಾವಿಸಿ ಅಂದಾಜು ಮಾಡುವುದು; ಆರ್ಡರ್‌ಗಳನ್ನು ಕೂಡಿಟ್ಟು ಒಮ್ಮೆಲೇ ಕಳುಹಿಸುವುದು; ಬೆಲೆಯ ರಿಯಾಯಿತಿಗಳ ಏರಿಳಿತ; ಹಾಗೂ ಅಭಾವದ ಕಾಲದಲ್ಲಿ ಪೂರ್ತಿ ಸಿಗದೆಂದು ಬೇಕಾದುದಕ್ಕಿಂತ ಹೆಚ್ಚು ಕೇಳುವುದು.

ಈ ನಾಲ್ಕೂ ಕಾರಣಗಳು ನಮ್ಮ ಪೇಟೆಗಳಿಗೆ ಅಪರಿಚಿತವಲ್ಲ. ತಿಂಗಳ ಕೊನೆಯ ವಾರದಲ್ಲಿ ಗುರಿಮುಟ್ಟುವ ಸಲುವಾಗಿ ಸ್ಕೀಮ್ ಘೋಷಿಸಿ ಸ್ಟಾಕಿಸ್ಟರ ಗೋದಾಮಿಗೆ ಸರಕು ತುಂಬಿಸುವ ಪದ್ಧತಿ ಅನೇಕ ವ್ಯಾಪಾರಗಳಲ್ಲಿದೆ. ಮುಂದಿನ ತಿಂಗಳ ಮೊದಲ ವಾರಗಳಲ್ಲಿ ಆರ್ಡರ್ ಬಾರದಿದ್ದಾಗ ಮಾರುಕಟ್ಟೆ ಮಂದವಾಗಿದೆಯೆಂದು ಹೇಳಲಾಗುತ್ತದೆ. ವಾಸ್ತವವಾಗಿ ಗಿರಾಕಿಯ ಬಳಕೆ ಬದಲಾಗಿರುವುದಿಲ್ಲ, ಖರೀದಿ ಮಾತ್ರ ಮೊದಲೇ ನಡೆದುಹೋಗಿರುತ್ತದೆ.

ಕೋವಿಡ್ ಕಾಲದಲ್ಲಿ ಇದರ ದೊಡ್ಡ ನಿದರ್ಶನವನ್ನು ಜಗತ್ತು ಕಂಡಿತು. 2020ರ ಮೊದಲ ಭಾಗದಲ್ಲಿ ವಾಹನ ತಯಾರಕರು ಮಾರಾಟ ಕುಸಿಯುವುದೆಂಬ ಅಂದಾಜಿನಿಂದ ಸೆಮಿಕಂಡಕ್ಟರ್ ಚಿಪ್‌ಗಳ ಆರ್ಡರ್‌ಗಳನ್ನು ಕಡಿತಗೊಳಿಸಿದರು. ಅದೇ ವರ್ಷದ ಉತ್ತರಾರ್ಧದಲ್ಲಿ ಬೇಡಿಕೆ ಮರಳಿತು. ಅಷ್ಟರಲ್ಲಿ ಚಿಪ್ ತಯಾರಕರ ಸಾಮರ್ಥ್ಯವು ಕಂಪ್ಯೂಟರ್ ಮೊದಲಾದ ಎಲೆಕ್ಟ್ರಾನಿಕ್ ಸಾಧನಗಳ ಕಡೆಗೆ ತಿರುಗಿತ್ತು. 2021ರಲ್ಲಿ ಅನೇಕ ದೇಶಗಳ ವಾಹನ ಕಾರ್ಖಾನೆಗಳು ಉತ್ಪಾದನೆಯನ್ನು ತಗ್ಗಿಸಬೇಕಾಯಿತು. ಆ ವರ್ಷದ ಸೆಪ್ಟೆಂಬರ್ ತಿಂಗಳಿನಲ್ಲಿ ಸಾಮಾನ್ಯ ಪ್ರಮಾಣದ ಸುಮಾರು ಶೇ. 40ರಷ್ಟು ಮಾತ್ರ ಉತ್ಪಾದನೆ ಸಾಧ್ಯವಾಗಬಹುದೆಂದು ಮಾರುತಿ ಸುಜುಕಿ ಸಂಸ್ಥೆಯು ಪ್ರಕಟಿಸಿತ್ತು. ಅಭಾವದ ಮರುವರ್ಷವೇ ಇನ್ನೊಂದು ಮುಖ ಕಾಣಿಸಿತು. 2022ರ ಜೂನ್‌ನಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಸಂಸ್ಥೆಯು ಹೆಚ್ಚುವರಿ ದಾಸ್ತಾನನ್ನು ಕರಗಿಸಲು ಬೆಲೆ ಇಳಿಸುವುದಾಗಿಯೂ, ಕೆಲವು ಆರ್ಡರ್‌ಗಳನ್ನು ರದ್ದುಪಡಿಸುವುದಾಗಿಯೂ ತಿಳಿಸಿತು.

ಇತರ ಆಟಗಳು, ಅವುಗಳ ಮಿತಿಗಳು

ದಾಸ್ತಾನಿಗೆ ಸೀಮಿತವಾಗದೆ ಇಡೀ ಸಂಸ್ಥೆಯನ್ನು ಅನುಕರಿಸುವ ಆಟಗಳೂ ಇವೆ. ಫ್ರಾನ್ಸಿನ ಇನ್‌ಸಿಯಾಡ್ ಸಂಸ್ಥೆಗೆ ಸೇರಿದ ಲರೆಶೆ ಹಾಗೂ ಗಾಟಿನ್ಯೋ ಅವರು 1977ರಲ್ಲಿ ರೂಪಿಸಿದ 'ಮಾರ್ಕ್‌ಸ್ಟ್ರಾಟ್' ಮಾರಾಟತಂತ್ರದ ಬೋಧನೆಯಲ್ಲಿ ಹೆಸರಾಗಿದೆ. ಭಾರತದಲ್ಲಿ 1957ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ 'ಚಾಣಕ್ಯ' ಎಂಬ ಕಂಪ್ಯೂಟರ್ ಆಧಾರಿತ ಆಟವನ್ನು ಬಳಸಿ ಸಂಸ್ಥೆಗಳ ಅಧಿಕಾರಿಗಳಿಗೂ ವಿದ್ಯಾರ್ಥಿಗಳಿಗೂ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ. ಇವುಗಳಲ್ಲಿ ಲಾಭ-ನಷ್ಟ ಪಟ್ಟಿ, ಹಣದ ಹರಿವು, ಮಾರುಕಟ್ಟೆಯ ಪಾಲು ಮೊದಲಾದವುಗಳೆಲ್ಲ ಒಟ್ಟಾಗಿ ಪರಿಣಾಮ ಬೀರುತ್ತವೆ. ಉತ್ಪಾದನಾ ವಿಭಾಗದವರು ಹಣಕಾಸು ವಿಭಾಗದವರ ಕಷ್ಟವನ್ನು ಅರಿಯಲು ಇದು ನೆರವಾಗುತ್ತದೆ.

ಆದರೆ ಇಂತಹ ಆಟಗಳಿಗೆ ಅತಿಯಾದ ಮಹತ್ವ ಕೊಡುವುದೂ ತರವಲ್ಲ. ಮೊದಲನೆಯದಾಗಿ, ಆಟ ಗೆದ್ದವನೇ ಹೆಚ್ಚು ಕಲಿತವನೆಂದು ಹೇಳಲಾಗದು. ಆಟದಲ್ಲಿ ಗಳಿಸಿದ ಲಾಭಕ್ಕೂ ಕಲಿಕೆಯ ಇತರ ಅಳತೆಗಳಿಗೂ ಹೇಳಿಕೊಳ್ಳುವಂತಹ ಸಂಬಂಧವಿಲ್ಲವೆಂಬುದನ್ನು ಆಂಡರ್ಸನ್ ಮತ್ತು ಲಾಟನ್ ಅವರ 1992ರ ಅಧ್ಯಯನ ತೋರಿಸಿದೆ. ಆದುದರಿಂದ ಅಂಕಗಳನ್ನು ಕೇವಲ ಗೆಲುವಿನ ಆಧಾರದ ಮೇಲೆ ಕೊಡುವ ಪದ್ಧತಿ ಪುನರ್ವಿಮರ್ಶೆಗೆ ಅರ್ಹವಾಗಿದೆ. ಎರಡನೆಯದಾಗಿ, ಆಟದ ನಿಯಮಗಳು ವಾಸ್ತವವನ್ನು ಸರಳಗೊಳಿಸಿರುತ್ತವೆ. ಬಿಯರ್ ಆಟದಲ್ಲಿ ಗಿರಾಕಿಯು ಸರಕು ಬರುವವರೆಗೆ ಕಾಯುತ್ತಾನೆ. ಪೇಟೆಯಲ್ಲಿ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಆಟದಲ್ಲಿ ಉದ್ದರಿಯಿಲ್ಲ, ಬೆಲೆಯ ಚೌಕಾಸಿಯಿಲ್ಲ, ಕಾರ್ಖಾನೆಗೆ ಸಾಮರ್ಥ್ಯದ ಮಿತಿಯೂ ಇಲ್ಲ. ಮೂರನೆಯದಾಗಿ, ಕಲ್ಪಿತ ಹಣವನ್ನು ಪಣಕ್ಕೆ ಒಡ್ಡುವವನು ತೋರುವ ಧೈರ್ಯವನ್ನು ಸ್ವಂತ ಹಣದ ವಿಷಯದಲ್ಲಿ ಯಾರೂ ತೋರುವುದಿಲ್ಲ. ಆಟವೊಂದು ಸರಿಯೆಂದು ತೋರಿಸಿದ ಬೆಲೆಯನ್ನು ಹಾಗೆಯೇ ಅಂಗಡಿಯಲ್ಲಿ ಜಾರಿಗೆ ತರುವುದು ಅಪಾಯಕಾರಿ. ಆಟದಿಂದ ತರಬೇಕಾದುದು ಉತ್ತರವನ್ನಲ್ಲ, ವಿಚಾರ ಮಾಡುವ ಕ್ರಮವನ್ನು.

ಆಡಿಸುವ ಬಗೆ

ವಾಣಿಜ್ಯ ಸಂಘಗಳು, ವಾಣಿಜ್ಯ ಕಾಲೇಜುಗಳು ಹಾಗೂ ಕುಟುಂಬದ ವ್ಯಾಪಾರಗಳು ಈ ಆಟವನ್ನು ಅಲ್ಪ ವೆಚ್ಚದಲ್ಲಿ ನಡೆಸಬಹುದು. ಬಿಯರ್ ಬದಲಿಗೆ ಬಿಸ್ಕತ್ತು, ಸಿಮೆಂಟು ಅಥವಾ ಪಂಪ್‌ಸೆಟ್ ಎಂದು ಹೆಸರಿಟ್ಟರೂ ಆಟದ ಸ್ವರೂಪ ಬದಲಾಗದು. ಕೆಳಗಿನ ಅಂಶಗಳನ್ನು ಗಮನದಲ್ಲಿರಿಸಿಕೊಂಡರೆ ಪ್ರಯೋಜನ ಹೆಚ್ಚು.

1. ಪ್ರತಿಯೊಬ್ಬರೂ ತಮ್ಮ ನಿತ್ಯದ ವೃತ್ತಿಗೆ ವಿರುದ್ಧವಾದ ಸ್ಥಾನದಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಕಾರ್ಖಾನೆಯ ಮಾಲೀಕರು ಚಿಲ್ಲರೆ ವ್ಯಾಪಾರಿಯಾಗಿಯೂ, ಅಂಗಡಿಯವರು ಕಾರ್ಖಾನೆಯಾಗಿಯೂ ಆಡಬೇಕು.

2. ಮೊದಲ ಸಲ ಮಾತುಕತೆಯಿಲ್ಲದೆ ಆಡಿಸಬೇಕು. ಎರಡನೆಯ ಸಲ ಬೇರೊಂದು ಬೇಡಿಕೆಯನ್ನು ಇಟ್ಟು, ಚಿಲ್ಲರೆ ಮಾರಾಟದ ಅಂಕಿಯನ್ನು ಎಲ್ಲರಿಗೂ ಕಾಣುವಂತೆ ಫಲಕದ ಮೇಲೆ ಬರೆದು ಆಡಿಸಬೇಕು. ಎರಡು ಆಟಗಳ ಖರ್ಚನ್ನು ಹೋಲಿಸಿ ನೋಡಬೇಕು.

3. ಆಟದ ನಂತರದ ವಿಮರ್ಶೆಗೆ ಕನಿಷ್ಠ ಒಂದು ಗಂಟೆಯನ್ನು ಮೀಸಲಿಡಬೇಕು. ವಿಮರ್ಶೆಯಿಲ್ಲದ ಆಟವು ಮನೋರಂಜನೆಯಾಗಿಯೇ ಉಳಿಯುತ್ತದೆ.

4. ವಿಮರ್ಶೆಯಲ್ಲಿ ಯಾರು ತಪ್ಪು ಮಾಡಿದರೆಂಬ ಪ್ರಶ್ನೆಗಿಂತ, ಅದೇ ಸ್ಥಾನದಲ್ಲಿ ಬೇರೆಯವರು ಕುಳಿತಿದ್ದರೂ ಹೀಗೆಯೇ ಆಗುತ್ತಿತ್ತೆ ಎಂಬ ಪ್ರಶ್ನೆಯನ್ನು ಮುಂದಿಡಬೇಕು.

ಆಟದ ಪಾಠವನ್ನು ಅಂಗಡಿಗೆ ತರಲು 'ಬಾಕಿ ಆರ್ಡರ್ ಪುಸ್ತಕ'ವೊಂದು ಸಾಕು. ಹೊಸ ಆರ್ಡರ್ ಬರೆಯುವ ಮೊದಲು ಮೂರು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆಯುವ ಅಭ್ಯಾಸವಿರಬೇಕು: ಕೈಯಲ್ಲಿರುವ ಸರಕು, ಆರ್ಡರ್ ಕೊಟ್ಟು ಬಾರದಿರುವ ಸರಕು, ಗಿರಾಕಿಗಳಿಗೆ ಕೊಡಬೇಕಾಗಿರುವ ಬಾಕಿ. ಮೊದಲೆರಡನ್ನು ಕೂಡಿ, ಮೂರನೆಯದನ್ನು ಕಳೆದರೆ ಉಳಿಯುವುದೇ ವ್ಯಾಪಾರಿಯ ನಿಜವಾದ ಸ್ಥಿತಿ. ಕಂಪ್ಯೂಟರ್ ಲೆಕ್ಕವಿರುವ ಕಡೆ ಖರೀದಿ ಆರ್ಡರ್ ನಮೂದಿಸುವ ಸೌಲಭ್ಯವನ್ನು ಬಳಸಿದರೆ ಈ ಅಂಕಿಗಳು ತಾವಾಗಿಯೇ ದೊರೆಯುತ್ತವೆ. ಇದರ ಜೊತೆಗೆ ಸ್ಟಾಕಿಸ್ಟರು ತಮ್ಮ ಖರೀದಿಯ ಅಂಕಿಯನ್ನಷ್ಟೇ ಅಲ್ಲದೆ, ಅಂಗಡಿಗಳಿಗೆ ನಿಜವಾಗಿ ಮಾರಾಟವಾದ ಅಂಕಿಯನ್ನೂ ಪ್ರತಿ ವಾರ ಪೂರೈಕೆದಾರರಿಗೆ ತಿಳಿಸಿದರೆ ಇಡೀ ಸರಪಳಿಗೆ ಹಿತವಾಗುತ್ತದೆ.

ಸರಕು ಸಮಯಕ್ಕೆ ಬಾರದಿದ್ದಾಗ ಪೂರೈಕೆದಾರನನ್ನು ದೂರುವುದು, ಸರಕು ಉಳಿದಾಗ ಗಿರಾಕಿಯನ್ನು ದೂರುವುದು ವ್ಯಾಪಾರದಲ್ಲಿ ಸಾಮಾನ್ಯ. ಹಲವು ವರ್ಷಗಳ ವ್ಯಾಪಾರ ಸಂಬಂಧಗಳು ಇಂತಹ ದೂರುಗಳಿಂದಲೇ ಮುರಿದುಬಿದ್ದಿವೆ. ಪ್ರಾಮಾಣಿಕರೂ ಬುದ್ಧಿವಂತರೂ ಆದ ನಾಲ್ವರು ಒಂದೇ ಮೇಜಿನ ಸುತ್ತ ಕುಳಿತು, ಯಾರ ದುರುದ್ದೇಶವೂ ಇಲ್ಲದೆ, ಖರ್ಚನ್ನು ಹತ್ತು ಪಟ್ಟು ಹೆಚ್ಚಿಸಿಕೊಳ್ಳಬಲ್ಲರೆಂಬುದನ್ನು ಈ ಆಟ ತೋರಿಸುತ್ತದೆ. ಇದನ್ನು ಒಮ್ಮೆ ಆಡಿದ ವ್ಯಾಪಾರಿಯು ಮುಂದಿನ ಸಲ ದೂರುವ ಮುನ್ನ ತನ್ನ ಬಾಕಿ ಆರ್ಡರ್ ಪುಸ್ತಕವನ್ನು ತೆರೆದು ನೋಡಿದರೆ, ಆಟಕ್ಕೆ ವ್ಯಯವಾದ ಮೂರು ಗಂಟೆಗಳು ಸಾರ್ಥಕವಾದಂತೆಯೇ ಸರಿ.